ಹೋಟೆಲಿನಲ್ಲಿ ಮಾವಯ್ಯನ ಪಂಕ್ತಿ

ಸಮುದ್ರ ನೋಡಲು ಹೋಗಿ ಬಂದವರು ಸಮುದ್ರದ ಬಗ್ಗೆ ಹೇಳಬೇಕು. ನನಗೆ ನೆನಪಿರುವುದು ಹೋಟೆಲುಗಳು ಮಾತ್ರ. ಗೋಕರ್ಣದ್ದು, ಮುರ್ಡೇಶ್ವರದ್ದು, ಕುಮಟೆಯದ್ದು. ಎಲ್ಲಿಯ ಸಾರು ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ಇನ್ನೊಬ್ಬರ ಬಾಯಿಗೆ ತುತ್ತು ಹೋಯಿತೋ ಇಲ್ಲವೋ ಎಂದು ನೋಡುತ್ತ ಕೂತವಳಿಗೆ ತನ್ನ ನಾಲಿಗೆಯ ಮೇಲಿನ ಉಪ್ಪು ಹುಳಿ ತಿಳಿಯುವುದಿಲ್ಲ.

ಅತ್ತೆ ತೀರಿಕೊಂಡ ಮೇಲೆ ಮಾವಯ್ಯ ಹೇರೂರಿನಿಂದ ಶಿರಸಿಗೆ, ನಮ್ಮ ಮನೆಗೆ ಬಂದರು. ಆಗಲೇ ಮರೆವು ಶುರುವಾಗಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಬಚ್ಚಲಿಗೆ ಹೊರಟವರು ದೇವರ ಕೋಣೆಯಲ್ಲಿ ನಿಂತಿರುತ್ತಿದ್ದರು. ಹೋಗಲಿ, ದೇವರ ಹತ್ತಿರವೇ ನಿಂತರಲ್ಲ ಎಂದು ಅದನ್ನೂ ಒಳ್ಳೆಯದರ ಲೆಕ್ಕಕ್ಕೆ ಹಾಕಿಕೊಂಡೆ. ಈ ಬೇಸಿಗೆಯಲ್ಲಿ ಮಾತ್ರ ಊಟವನ್ನೇ ಬಿಟ್ಟರು. ಅವರ ಕೋಣೆಯ ಸ್ಟೂಲಿನ ಮೇಲೆ ತಟ್ಟೆ ಇಟ್ಟರೆ ನೋಡುತ್ತಾರೆ, "ಇರ್ಲಿ, ಉಳಿದವು ಬರ್ಲಿ" ಎನ್ನುತ್ತಾರೆ, ಅಷ್ಟೇ. ಉಳಿದವರು ಎಂದರೆ ಅತ್ತೆ, ಅವರ ದಾರಿ ಕಾಯುತ್ತಿದ್ದಾರೆ ಎಂದೇ ನಾವು ತಿಳಿದೆವು. ಅಂಗಿ ದಿನದಿಂದ ದಿನಕ್ಕೆ ದೊಡ್ಡದಾಗುತ್ತ ಬಂತು. ಹೀಗೇ ಆದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ ಮಾರಿಕಾಂಬೆಯ ಎದುರು ನಿಂತು, ಬೇರೇನೂ ಬೇಡ ತಾಯೀ, ಬಾಯಿಂದಲೇ ಉಣ್ಣುವಂತೆ ಮಾಡು ಎಂದು ಬೇಡಿಕೊಂಡೆ.

"ಗಾಳಿ ಬದಲಾದ್ರೆ ಹಸಿವಾಗ್ತು ಹೇಳ್ತ. ಘಟ್ಟ ಇಳಿದು ಸಮುದ್ರದ ಬದಿಗೆ ನಾಕು ದಿನ ಇದ್ದು ಬಪ್ಪನ" ಎಂದು ನಮ್ಮ ಮನೆಯವರು ರಜೆ ಹಾಕಿದರು.

ಗೋಕರ್ಣದಲ್ಲಿ ದೇವರ ದರ್ಶನ ಮುಗಿಸಿ ಮಧ್ಯಾಹ್ನ ಒಂದು ಊಟದ ಹೋಟೆಲು ಹೊಕ್ಕೆವು. ಉದ್ದುದ್ದ ಮೇಜು, ತಟ್ಟೆಯ ಮೇಲೆ ಬಾಳೆ ಎಲೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಇಷ್ಟು ಗದ್ದಲಕ್ಕೆ ಮಾವಯ್ಯ ಹೆದರಿಬಿಡುತ್ತಾರೆ ಎಂದು ನನಗೆ ಕಳವಳ. ಅವರು ಕೂತರು. ಆ ಕಡೆ ಈ ಕಡೆ ನೋಡಿದರು. ಲೋಟದ ನೀರು ತೆಗೆದು ಎಲೆಗೆ ಚಿಮುಕಿಸಿದರು. ಅನ್ನ ಬಿದ್ದ ಕೂಡಲೇ ಕೈಯಲ್ಲಿ ನೀರು ಹಿಡಿದು ಎಲೆಯ ಸುತ್ತ ಬಿಟ್ಟು, ನಾಲ್ಕು ಅಗುಳು ಬದಿಗಿಟ್ಟು, ತುಟಿ ಅಲ್ಲಾಡಿಸಿದರು. ಆಮೇಲೆ ಉಂಡರು. ಸಾರನ್ನ ಉಂಡರು, ಪಲ್ಯ ಮುಗಿಸಿದರು, ಬಡಿಸುವವನು ಎದುರು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ನಾನು ನಮ್ಮವರ ಕಾಲು ತುಳಿದೆ. ಅವರು ಮಾತಾಡಬೇಡ ಎಂದು ಕಣ್ಣು ಮಾಡಿದರು. ಮಹಾಬಲೇಶ್ವರ ಇಷ್ಟು ಬೇಗ ಓಗೊಡುತ್ತಾನೆ ಎಂದು ನಾನು ಎಣಿಸಿರಲಿಲ್ಲ.

ಊಟವಾಯಿತು. ಮಾವಯ್ಯ ಏಳಲಿಲ್ಲ.

"ಅಪ್ಪಯ್ಯ, ಉಂಡಾತಲ, ಹೋಪನ" ಎಂದರು ನಮ್ಮವರು.

"ಅವು ಇನ್ನೂ ಉಣ್ತಾ ಇದ್ದ" ಎಂದು ಮಾವಯ್ಯ ಆಚೆ ಮೇಜು ತೋರಿಸಿದರು. "ಪಂಕ್ತಿ ಮುಗಿಯದೇ ಏಳಲಾಗ."

ನಮ್ಮ ಕಡೆ ಊಟಕ್ಕೆ ಕೂತ ಸಾಲಿಗೆ ಪಂಕ್ತಿ ಎನ್ನುತ್ತೇವೆ. ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ. ನಡುವೆ ಎದ್ದರೆ ಉಣ್ಣುತ್ತಿರುವವರಿಗೆ ಅಪಮಾನ. ಮೊದಲು ಏಳುವುದು ಸಾಲಿನ ಹಿರಿಯರು, ಅದೂ ಎಲ್ಲರ ಎಲೆ ನೋಡಿಯಾದ ಮೇಲೆ. ಸಿದ್ದಾಪುರದ ಕಡೆಯಿರಲಿ, ಉಮ್ಮಚಗಿಯ ನಂಟರ ಮನೆಯಿರಲಿ, ಮದುವೆ ಮುಂಜಿಗೆ ಹೋದಲ್ಲೆಲ್ಲ ಆ ಹಿರಿಯರು ನಮ್ಮ ಮಾವಯ್ಯನೇ ಆಗಿರುತ್ತಿದ್ದರು. ಆಗ ನನಗೆ ತಿಳಿಯಿತು. ಮನೆಯಲ್ಲಿ ಅವರು ಕಾಯುತ್ತಿದ್ದುದು ಅತ್ತೆಯನ್ನಲ್ಲ, ಪಂಕ್ತಿಯನ್ನು. ಒಬ್ಬರ ತಟ್ಟೆ ಪಂಕ್ತಿಯಾಗುವುದಿಲ್ಲ.

ಆದರೆ ಹೋಟೆಲಿನ ಪಂಕ್ತಿ ಮುಗಿಯುವುದೆಂದರೇನು? ಒಂದು ಮೇಜಿನವರು ಎದ್ದರೆ ಅಲ್ಲಿಗೇ ಮತ್ತೊಂದು ಮನೆಯವರು ಬಂದು ಕೂರುತ್ತಾರೆ. ಮಾವಯ್ಯನ ಕೈ ಒಣಗಿತು. ಗೋಡೆಯ ಫ್ಯಾನಿನ ಗಾಳಿಗೆ ಎಲೆಯೂ ಬಾಡಿತು.

"ಗೋಕರ್ಣಕ್ಕೆ ಬಂದವೆಲ್ಲ ಉಂಡು ಮುಗಿಯಲಿ ಹೇಳಿ ಕಾದ್ರೆ ಮುಂದಿನ ಶಿವರಾತ್ರಿ ವರೆಗೆ ಇಲ್ಲೇ ಕೂರಕಾಗ್ತು" ಎಂದರು ನಮ್ಮವರು. ನಾನು ನಕ್ಕೆ. ಉಂಡರಲ್ಲ, ಎಷ್ಟು ಹೊತ್ತು ಬೇಕಾದರೂ ಕೂರುವ ಎನ್ನಿಸಿತ್ತು. ಹೋಟೆಲಿನವರು ಬಾಗಿಲು ಅರ್ಧ ಎಳೆದ ಮೇಲೆ ಮಾವಯ್ಯ ಖಾಲಿ ಮೇಜುಗಳನ್ನೆಲ್ಲ ಒಮ್ಮೆ ನೋಡಿ ಎದ್ದರು.

ಮುರ್ಡೇಶ್ವರದಲ್ಲಿ ನಮ್ಮವರು ಜಾಣತನ ಮಾಡಿದರು. ಜನ ಕಡಿಮೆಯಾದ ಮೇಲೆ ಹೋದರೆ ಬೇಗ ಏಳಬಹುದು ಎಂದು ತಡವಾಗಿ ಕರೆದುಕೊಂಡು ಹೋದರು. ಖಾಲಿ ಹೋಟೆಲಿನಲ್ಲಿ ಮಾವಯ್ಯ ಎಲೆ ಮುಟ್ಟಲಿಲ್ಲ. "ಯಾರೂ ಬಂಜ್ವಿಲ್ಲೆ" ಎಂದು, ಬರದ ಜನರ ದಾರಿ ನೋಡುತ್ತ ಕೂತರು. ಉಣ್ಣಬೇಕಾದರೆ ಜನ ಬೇಕು, ಏಳಬೇಕಾದರೆ ಜನ ಇರಬಾರದು. ಮರುದಿನ ಮತ್ತೆ ಗದ್ದಲದ ಹೊತ್ತಿಗೇ ಹೋದೆವು. ನಮ್ಮ ಪುಣ್ಯಕ್ಕೆ ಎದುರಿಗೆ ಹಾವೇರಿ ಕಡೆಯ ಗಂಡ ಹೆಂಡತಿ ಕೂತಿದ್ದರು. ಮಾವಯ್ಯ ಉಂಡಾದ ಮೇಲೂ ಏಳದಿರುವ ಕಾರಣವನ್ನು ನಾನು ಮೆಲ್ಲಗೆ ಹೇಳಿದೆ. ಆ ಹೆಂಗಸು ಸರಕ್ಕನೆ ಎದ್ದು ನಿಂತು, "ಅಜ್ಜಾರ, ನಮ್ದೆಲ್ಲಾ ಆತ್ರಿ. ಕೈ ತೊಳ್ಕೊಳೂಣು ಬರ್ರಿ" ಎಂದಳು.

"ಏ, ನನ್ನ ಮಜ್ಜಿಗಿ ಇನ್ನೂ ಉಳದೈತಿ" ಎಂದ ಅವಳ ಗಂಡ.

"ಮನ್ಯಾಗ ಕೊಡ ತುಂಬ ಮಾಡಿ ಕುಡಸ್ತೀನಿ, ಈಗ ಏಳ್ರಿ!"

ಪಕ್ಕದ ಮೇಜಿನವರೂ ನಗುತ್ತ ಎದ್ದರು. ಮಾವಯ್ಯ ಎಲ್ಲರಿಗೂ ತಲೆಬಾಗಿ ಎದ್ದುಬಂದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಕುಮಟೆಯಲ್ಲಿ ಅಂಥವರು ಸಿಗಲಿಲ್ಲ. ಭಾನುವಾರ ಬೇರೆ. ಕೂತವರ ಹಿಂದೆಯೇ ಮುಂದಿನವರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಮಾವಯ್ಯ ಆ ದಿನ ಚೆನ್ನಾಗಿ ಉಂಡರು, ಹಪ್ಪಳ ಮುರಿಯುವ ಸದ್ದು ನನಗೆ ಕೇಳಿಸುವಷ್ಟು. ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು.

ಹೋಟೆಲಿನ ಯಜಮಾನ ಮೊದಲು ನನ್ನ ಹತ್ತಿರ ಬಂದ. "ಅಮ್ಮ, ಬೇಸ್ರ ಮಾಡ್ಕಬೇಡಿ. ಹೊರ್ಗೆ ನೋಡಿ, ಜನ ನಿಂತೀರು. ಅಜ್ಜೋರ್ನ ಎಬ್ಸಿ."

ಅವರಿಗೆ ಮರೆವಿನ ಕಾಯಿಲೆ, ಸ್ವಲ್ಪ ತಡೆಯಿರಿ ಎಂದೆ. ನಮ್ಮವರು ನಾಲ್ಕು ಜನರ ಊಟದ ದುಡ್ಡು ಕೊಡುತ್ತೇನೆ ಎಂದರು. ಯಜಮಾನ ಒಮ್ಮೆ ಹೋದ, ಮತ್ತೆ ಬಂದ. ಬೆವರು ಸುರಿಯುತ್ತಿತ್ತು, ಬಾಗಿಲಲ್ಲಿ ನಿಂತವರು ಅವನನ್ನು ಬೈಯುತ್ತಿದ್ದರು. ಮೂರನೆಯ ಸಲ ನಮ್ಮನ್ನು ಕೇಳಲಿಲ್ಲ. ಮಾವಯ್ಯನ ಎದುರಿನ ತಟ್ಟೆ ತೆಗೆದು, ಅವರ ತೋಳು ಹಿಡಿದು, "ಏಳಿ ಏಳಿ, ಸಾಕು" ಎಂದು ಎತ್ತಿ ನಿಲ್ಲಿಸಿದ. ಆ ಕುರ್ಚಿಯಲ್ಲಿ ಅಷ್ಟರೊಳಗೆ ಇನ್ನೊಬ್ಬರು ಕೂತಾಗಿತ್ತು.

ನಮ್ಮ ಕಡೆ ಪಂಕ್ತಿಯಿಂದ ಒಬ್ಬರನ್ನು ಎಬ್ಬಿಸಿದರೆಂದರೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಏನೋ ಮಾಡಬಾರದ್ದು ಮಾಡಿದವನಿಗೆ ಮಾತ್ರ ಹಾಗಾಗುವುದು. ಮಾವಯ್ಯ ಎಂಜಲು ಕೈಯನ್ನು ಎಡಗೈಗೆ ಸೇರಿಸಿ ಯಜಮಾನನಿಗೆ ಮುಗಿದರು. "ಎಂಗಳಿಂದ ಎಂತಾರೂ ತಪ್ಪಾತನ?" ಎಂದು ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. "ಹಾಂ ಹಾಂ, ಕೈ ತೊಳೀರಿ" ಎಂದ.

ಅಲ್ಲಿಂದ ಮುಂದೆ ಮಾವಯ್ಯನ ಬಾಯಿಗೆ ಏನೂ ಹೋಗಲಿಲ್ಲ. ಎಳನೀರು ಕೊಟ್ಟರೆ ಮುಖ ತಿರುಗಿಸಿದರು. ಸಂಜೆ ಇನ್ನೊಂದು ಹೋಟೆಲಿನ ಮೆಟ್ಟಿಲವರೆಗೆ ಬಂದು ಒಳಗಿನ ಜನ ನೋಡಿ ಹಿಂದೆ ಸರಿದರು. ಮರುದಿನ ಬೆಳಿಗ್ಗೆ ರಜೆ ಇನ್ನೂ ಉಳಿದಿದ್ದರೂ ಘಟ್ಟ ಹತ್ತಿದೆವು. ಕಾರಿನಲ್ಲಿ ನಮ್ಮವರು ಹೇಳಿದರು. "ಡಾಕ್ಟ್ರಿಗೆ ಹೇಳ್ತೆ. ಆ ನಳಿಗೆ ಹಾಕ್ಬುಡ್ಲಿ. ಇದ್ನ ನೋಡ್ಲಾಗ್ತಿಲ್ಲೆ."

"ಇವತ್ತೊಂದು ದಿನ ಹೇಳಡಿ" ಎಂದು ತಡೆದೆ.

ಮನೆಗೆ ಬಂದು ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿದೆ. ಅನ್ನ, ಸಾರು, ಮಜ್ಜಿಗೆ, ಅಷ್ಟೇ ಮಾಡಿದ್ದು. ಊಟದ ಟೇಬಲ್ಲಿನ ಒಂದೇ ಬದಿಗೆ ಮೂರು ಕುರ್ಚಿ ಎಳೆದು ಸಾಲಾಗಿ ಮೂರು ಎಲೆ ಹಾಕಿದೆ. ಪಾತ್ರೆಗಳನ್ನೆಲ್ಲ ನನ್ನ ಕೈಗೆ ಎಟುಕುವಂತೆ ಇಟ್ಟುಕೊಂಡೆ.

"ನೀನೂ ಕೂರ್ತ್ಯ? ಹಂಗಾರೆ ಬಡಿಸದು ಯಾರು?" ಎಂದರು ನಮ್ಮವರು. ಈ ಮನೆಗೆ ಬಂದಾಗಿನಿಂದ ಗಂಡಸರ ಊಟವಾದ ಮೇಲೆ ಉಂಡವಳು ನಾನು.

"ಆನೇ. ಕೂತ್ಕಂಡೇ ಬಡಿಸ್ತೆ. ಮೂರು ಎಲೆನಾದ್ರೂ ಬೇಡದಾ ಪಂಕ್ತಿ ಹೇಳಲೆ?"

ಮಾವಯ್ಯನನ್ನು ಕೈ ಹಿಡಿದು ಕರೆತಂದೆ. ಎಲೆಗಳನ್ನು ನೋಡಿದರು. ಕುರ್ಚಿಯನ್ನು ಮುಟ್ಟಿದರು, ಕೂರಲಿಲ್ಲ. "ಆನು ಕೂಪಲಕ್ಕನ?" ಎಂದರು. ಕೂರಬಹುದೇ ಎಂದು ಕೇಳುತ್ತಿದ್ದರು, ಮಗನ ಮನೆಯಲ್ಲಿ, ಸೊಸೆಯ ಹತ್ತಿರ. ನಮ್ಮವರು ಮುಖ ಆಚೆ ಮಾಡಿಕೊಂಡರು.

"ನಿಂಗ ಕೂರದೇ ಎಂಗ ಶುರು ಮಾಡದು ಹೆಂಗೆ ಮಾವಯ್ಯ?" ಎಂದೆ.

ಕೂತರು. ತುಂಬ ಹೊತ್ತು ಏನೂ ಮುಟ್ಟಲಿಲ್ಲ. ನಾನು ಕಲಸಿ ತುತ್ತು ಬಾಯಿಗಿಟ್ಟೆ, ನಮ್ಮವರೂ ಉಂಡರು. ಆಮೇಲೆ ಮಾವಯ್ಯ ಎಲೆಗೆ ನೀರು ಚಿಮುಕಿಸಿದರು. ಉಂಡದ್ದು ಹೆಚ್ಚೇನಿಲ್ಲ, ಮಜ್ಜಿಗೆ ಅನ್ನ ಮಾತ್ರ. ಆದರೂ ಬಾಯಿಂದಲೇ ಉಂಡರು, ತಾಯೀ.

ಡಾಕ್ಟರು ಇನ್ನೂ ಸ್ವಲ್ಪ ದಿನ ನೋಡುವ ಎಂದಿದ್ದಾರೆ, ನಳಿಗೆಯ ಮಾತು ಬಿಟ್ಟಿಲ್ಲ. ಕೆಲವು ದಿನ ಮಾವಯ್ಯ ಎಲೆಯ ಎದುರು ಕೂತು ಕೂತು ಹಾಗೇ ಏಳುತ್ತಾರೆ. ನಮ್ಮವರು ಆಫೀಸಿನಿಂದ ಬಾರದ ಮಧ್ಯಾಹ್ನ ಇಬ್ಬರ ಪಂಕ್ತಿ ಅವರಿಗೆ ಒಪ್ಪಿಗೆಯಾಗುವುದಿಲ್ಲ. ಪಕ್ಕದ ಮನೆಯವರನ್ನು ಕರೆಯುತ್ತೇನೆ, ಅವರೂ ದಿನಾ ಬರಲಾಗುತ್ತದೆಯೇ? ಒಂದು ಮಾತ್ರ ಕಂಡುಕೊಂಡಿದ್ದೇನೆ. ನಾನು ಉಣ್ಣುತ್ತಿರುವವರೆಗೆ ಅವರು ಏಳುವುದಿಲ್ಲ, ಏಳದೆ ಕೂತವರು ನಡುನಡುವೆ ಒಂದೊಂದು ತುತ್ತು ಎತ್ತುತ್ತಾರೆ. ಅದಕ್ಕೇ ಹೊಟ್ಟೆ ತುಂಬಿದ ಮೇಲೂ ನನ್ನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿಕೊಳ್ಳುತ್ತೇನೆ, ಮೆಲ್ಲಗೆ ಕಲಸುತ್ತೇನೆ.