ಅಪ್ಪ ನನಗಿಟ್ಟ ಭಾಷೆ

ಜನರಿಗೆ ಚಿತ್ರ ತೋರಿಸುವುದು ನನ್ನ ಕೆಲಸ. ಲ್ಯಾಪ್‌ಟಾಪಿನಲ್ಲಿ ಒಂದು ಬಿಂದಿಗೆಯೋ ಕತ್ತರಿಯೋ ಬರುತ್ತದೆ, ಎದುರಿಗೆ ಕೂತವರು ಅದರ ಹೆಸರು ಹೇಳಬೇಕು. ಯಾವ ಭಾಷೆಯಲ್ಲಿ ಹೇಳಿದರು, ಎಷ್ಟು ತಡವರಿಸಿದರು ಎಂಬುದನ್ನು ಯಂತ್ರ ಅಳೆಯುತ್ತದೆ. ಎರಡು ಭಾಷೆ ಆಡುವವರ ತಲೆಯೊಳಗೆ ಆ ಎರಡೂ ಹೇಗೆ ಸಂಸಾರ ಮಾಡುತ್ತವೆ ಎನ್ನುವುದು ನನ್ನ ಪಿಎಚ್.ಡಿ. ವಿಷಯ. ತೆಲುಗು ಕನ್ನಡ ಎರಡೂ ಆಡುವ ಶ್ರೀನಿವಾಸಪುರದಲ್ಲಿ ಹುಟ್ಟಿದವಳಿಗೆ ಇದಕ್ಕಿಂತ ಸುಲಭದ ವಿಷಯ ಯಾವುದಿದೆ ಎಂದು ನನ್ನ ಗೈಡ್ ಅಂದುಕೊಂಡಿದ್ದರು. ಆದರೆ ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಮುಳಬಾಗಿಲಿನಲ್ಲಿ ಕೂತಿದ್ದಾಗ ಮಾಲೂರಿನ ಕೆಲಸ ನೆನಪಾಗುತ್ತಿತ್ತು, ಮಾಲೂರಿಗೆ ಹೋದರೆ ಗೌನಿಪಲ್ಲಿಯವರು ಕಾಯುತ್ತಿದ್ದಾರೇನೋ ಎಂದು ಕಾಲು ತುರಿಸುತ್ತಿತ್ತು. ಬಸ್ಸುಗಳಲ್ಲೇ ನನ್ನ ಅರ್ಧ ಸಂಶೋಧನೆ ಮುಗಿದಿದೆ.

ಬಸ್ಸಿನ ಹುಚ್ಚು ಅಪ್ಪನಿಂದ ಬಂದಿರಬೇಕು. ಅವನು ಕಂಡಕ್ಟರ್ ಆಗಿದ್ದವನು. ಹತ್ತಿದವರ ಮುಖ ನೋಡಿದರೆ ಸಾಕು, ಯಾವ ಭಾಷೆ ತೆಗೆಯಬೇಕೆಂದು ಅವನಿಗೆ ಗೊತ್ತಾಗುತ್ತಿತ್ತು. ಆಂಧ್ರದ ಗಡಿ ಕಡೆಯ ರೈತರಿಗೆ ತೆಲುಗು, ಸಂತೆಗೆ ಹೊರಟ ಸಾಬರಿಗೆ ಅವರದೇ ದಖನಿ ಉರ್ದು, ಕೋಲಾರದ ಆಫೀಸಿನವರಿಗೆ ಅಚ್ಚ ಕನ್ನಡ. ಒಮ್ಮೆ ಒಬ್ಬರಿಗೆ ಒಂದು ಭಾಷೆ ಗೊತ್ತುಮಾಡಿದನೆಂದರೆ ಮುಗಿಯಿತು, ಸಾಯುವವರೆಗೆ ಅವರಿಗೆ ಅದೇ. ಮನೆಯಲ್ಲೂ ಹಾಗೆಯೇ. ಅಮ್ಮನ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಅಮ್ಮ ನನಗೆ ತೆಲುಗಿನಲ್ಲೇ ಬೈಯುತ್ತಾಳೆ, ನಾನು ತೆಲುಗಿನಲ್ಲೇ ತಿರುಗಿಬೀಳುತ್ತೇನೆ. ಆದರೆ ಅಪ್ಪ ನನ್ನ ಕಡೆ ತಿರುಗಿದೊಡನೆ ಅವನ ನಾಲಿಗೆಯೂ ತಿರುಗುತ್ತಿತ್ತು. ಸ್ಕೂಲಿಗೆ ಸೇರಿದಾಗ ಅವನಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲವಂತೆ, ಇಡೀ ಕ್ಲಾಸು ನಕ್ಕಿತ್ತಂತೆ. ತನ್ನ ಮಗಳಿಗೆ ಆ ಗತಿ ಬರಬಾರದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಶುರುಮಾಡಿದ್ದ. ಊರಿನ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ, ನಮಗೇನೂ ವಿಚಿತ್ರ ಅನಿಸುತ್ತಿರಲಿಲ್ಲ.

ಹೋದ ಮಾವಿನ ಕಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ನಾನಾಗ ಟೇಕಲ್ಲಿನಲ್ಲಿ ಒಬ್ಬ ಅಜ್ಜಿಗೆ ಚಿತ್ರ ತೋರಿಸುತ್ತಿದ್ದೆ. ಕೋಲಾರದ ಆಸ್ಪತ್ರೆಗೆ ಓಡಿಬರುವ ಹೊತ್ತಿಗೆ ಅವನ ಬಲಗೈ ಬಿದ್ದುಹೋಗಿತ್ತು, ಬಾಯಿ ಒಂದು ಕಡೆ ಜಗ್ಗಿತ್ತು. ಜೀವಕ್ಕೆ ಅಪಾಯವಿಲ್ಲ, ಮಾತಿನ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ನಾನು ವಾರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ಕೂತ್ಕೊಳ್ಳಮ್ಮಾ, ತಲೆ ತಿರುಗುತ್ತೆ ನೋಡೋರಿಗೆ, ಎಂದು ಪಕ್ಕದ ಮಂಚದ ಮುದುಕರು ಗದರಿದರು.

ಕೆಲವು ದಿನಗಳಾದ ಮೇಲೆ ಅಪ್ಪ ಕಣ್ಣಿಟ್ಟು ನನ್ನನ್ನೇ ನೋಡಿ ಬಾಯಿ ತೆರೆದ. ಅಕ್ಷರಗಳು ಬಂದವು. ಕನ್ನಡದ ಏರಿಳಿತವೇ, ಆದರೆ ಒಂದು ಪದವೂ ಪದವಾಗಿರಲಿಲ್ಲ. ಡ್ರಿಪ್ ಬದಲಿಸುತ್ತಿದ್ದ ನರ್ಸು ಪ್ರೀತಿಯಿಂದಲೇ ನಕ್ಕು, "ಮಾತಾಡ್ತಾವ್ರೆ ನೋಡಿ ಮೇಡಂ, ಬರುತ್ತೆ ಬರುತ್ತೆ" ಅಂದಳು. ಅಪ್ಪ ಬಾಯಿ ಮುಚ್ಚಿದ. ಅಂದು ಸಂಜೆ ಅಮ್ಮ ತಲೆ ಸವರುವಾಗ, "ನೀಳ್ಳು" ಎಂದು ನೀರು ಕೇಳಿದ. ಸ್ಪಷ್ಟವಾಗಿತ್ತು. ನಾನೂ ಅಮ್ಮನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.

ಆಮೇಲೆ ತೆಲುಗು ದಿನದಿನಕ್ಕೆ ಬರತೊಡಗಿತು. ಮನೆಗೆ ಕರೆತಂದ ಮೇಲೆ ಅಮ್ಮನ ಹತ್ತಿರ ಉಪ್ಪು ಕಡಿಮೆಯಾಯಿತೆಂದು ರೇಗಿದ. ಯಲ್ದೂರಿನಿಂದ ನೋಡಲು ಬಂದ ಅತ್ತೆಯ ಹತ್ತಿರ ತೋಟದ ಕಾಯಿ ವಿಚಾರಿಸಿದ. ನನ್ನ ಹತ್ತಿರ ಮಾತ್ರ ಇಲ್ಲ. ಪಕ್ಕಕ್ಕೆ ತಿರುಗಪ್ಪಾ ಎಂದರೆ ತಿರುಗುತ್ತಿದ್ದ, ಬಾಯಿ ತೆರೆ ಎಂದರೆ ತೆರೆಯುತ್ತಿದ್ದ. ನಾನಾಡುವ ಕನ್ನಡ ಅವನಿಗೆ ಪೂರ್ತಿ ತಿಳಿಯುತ್ತಿತ್ತು. ವಾಪಸ್ಸು ಒಂದು ಉಸಿರೂ ಇರಲಿಲ್ಲ. ನಾನು ಕೋಣೆಗೆ ಬಂದರೆ ಅರ್ಧದಲ್ಲಿದ್ದ ಮಾತನ್ನೂ ನಿಲ್ಲಿಸಿಬಿಡುತ್ತಿದ್ದ.

ನನಗೆ ಹೊಟ್ಟೆ ಉರಿಯಿತು. ಹಾಲಿನವನಿಗೆ ಸಿಕ್ಕ ಮಾತು ನನಗಿಲ್ಲ! ಅಪ್ಪ ಇನ್ನು ಯಾವತ್ತೂ ನನ್ನ ಜೊತೆ ಮಾತಾಡದಿದ್ದರೆ ಎಂಬ ಹೆದರಿಕೆ ಎಲ್ಲಿ ಕೂತರೂ ಎಬ್ಬಿಸಿ ನಿಲ್ಲಿಸುತ್ತಿತ್ತು. ಬಟ್ಟೆ ಒಗೆಯಲು ಹೋಗಿ ಅರ್ಧಕ್ಕೆ ಬಿಟ್ಟು ಬರುತ್ತಿದ್ದೆ. ಕಾರಣವಿಲ್ಲದೆ ಬಸ್‌ಸ್ಟ್ಯಾಂಡಿನವರೆಗೂ ನಡೆದು, ಹೊರಟು ನಿಂತ ಬಸ್ಸುಗಳನ್ನು ನೋಡಿ ಹಿಂತಿರುಗುತ್ತಿದ್ದೆ. ಎರಡು ಭಾಷೆಯವರಿಗೆ ಹೀಗಾದಾಗ ಕೆಲವೊಮ್ಮೆ ಒಂದು ಮೊದಲು ಮರಳುತ್ತದೆ, ಇನ್ನೊಂದು ತಡವಾಗುತ್ತದೆ, ಬಾರದೆಯೂ ಇರಬಹುದು. ಇದನ್ನು ನಾನೇ ಜೂನಿಯರ್‌ಗಳಿಗೆ ಪಾಠ ಮಾಡಿದ್ದೇನೆ. ನಮ್ಮ ಮನೆಯಲ್ಲಿ ಆ ಪಾಠ ಮೂರು ಕಾಸಿನ ಪ್ರಯೋಜನಕ್ಕೂ ಬರಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಎಂ.ಎ. ಹುಡುಗಿಯೊಬ್ಬಳು ಮುಳಬಾಗಿಲಿನಿಂದ ನೋಡಲು ಬಂದಳು. ಮನೆಮಾತು ತೆಲುಗು. ಅಪ್ಪ ಅವಳನ್ನು ಎಂದೂ ಕಂಡವನಲ್ಲ, ಆದರೂ ಮುಖ ನೋಡಿ ತೆಲುಗು ತೆಗೆದ. ಯಾರ ಮಗಳು, ಯಾವ ಬೀದಿ ಎಂದು ತಡವರಿಸುತ್ತ ತಡವರಿಸುತ್ತ ಎಲ್ಲಾ ಕೇಳಿದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಹೊರಗೆ ಬಂದವಳ ಕಣ್ಣುಗಳು ಮಿನುಗುತ್ತಿದ್ದವು.

"ಅಕ್ಕಾ, ತಪ್ಪು ತಿಳ್ಕೋಬೇಡ. ಇಂಥಾ ಕೇಸು ನಮಗೆ ಎಲ್ಲಿ ಸಿಗುತ್ತೆ? ರೆಕಾರ್ಡ್ ಮಾಡಿದ್ರೆ ನಿನ್ನ ಥೀಸಿಸ್‌ಗೆ ಒಂದು ಇಡೀ ಚಾಪ್ಟರ್ ಆಗುತ್ತೆ."

"ಕೇಸಲ್ಲ ಕಣೇ, ನಮ್ಮಪ್ಪ."

"ಗೊತ್ತಕ್ಕಾ. ಸರ್ ಕೂಡ ಅದೇ ಅಂದ್ರು, ನಿನ್ನನ್ನ ಕೇಳು ಅಂತ."

ಗೈಡ್‌ಗೆ ಆಗಲೇ ಸುದ್ದಿ ಹೋಗಿತ್ತು. ನನಗೆ ಕೋಪ ಬಂದದ್ದು ಅವರ ಮೇಲಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಇನ್ನೂ ಬೇಗ ಕೇಳುತ್ತಿದ್ದೆ. ಆಗುವುದಿಲ್ಲ ಎಂದೆ. ಅವಳು ಮುಖ ಸಣ್ಣದು ಮಾಡಿಕೊಂಡು ಕಾಫಿ ಕುಡಿದು ಹೋದಳು.

ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಮೇಡಂ ಹೇಳಿದ್ದರು, ಯಾವ ಭಾಷೆ ಬರುತ್ತೋ ಅದರಲ್ಲೇ ಮಾತಾಡಿಸಿ, ಹಟ ಮಾಡಬೇಡಿ ಎಂದು. ಹಟ ಮಾಡುತ್ತಿರುವುದು ನಾನೇ ಇರಬಹುದೆಂದು ಹೊಳೆದದ್ದು ಆ ಹುಡುಗಿ ಹೋದ ಮೇಲೆ. ನಾನು ಅವನಿಗೆ ಕನ್ನಡ ಬಿಟ್ಟು ಬೇರೆ ಆಡಿದ್ದೇ ಇಲ್ಲವಲ್ಲ! ಮಾರನೆಯ ಬೆಳಿಗ್ಗೆ ಅಮ್ಮ ಹೂವು ತರಲು ಹೋದಾಗ ಮಂಚದ ಪಕ್ಕ ಕೂತು, ಜೀವನದಲ್ಲಿ ಮೊದಲ ಸಲ ಅಪ್ಪನಿಗೆ ತೆಲುಗು ಆಡಿದೆ.

"ನಾಯನಾ, ನಾತೋ ತೆಲುಗುಲೋನೇ ಮಾಟ್ಲಾಡು."

ನನ್ನ ಜೊತೆ ತೆಲುಗಿನಲ್ಲೇ ಮಾತಾಡು ಎಂದು ಕೇಳಿದೆ, ಅಷ್ಟೆ. ಅಪ್ಪನ ಮುಖ ಕೆಂಪೇರಿತು. ಬೇರೆ ಯಾರದೋ ಮಗಳು ಒಳಗೆ ನುಗ್ಗಿಬಂದಂತೆ ನನ್ನನ್ನು ನೋಡಿದ. ಎಡಗೈಯಲ್ಲಿ ಹೊದಿಕೆಯನ್ನು ಎಳೆದುಕೊಂಡು ಗೋಡೆಗೆ ತಿರುಗಿಬಿಟ್ಟ. ಭುಜ ಅಲುಗುತ್ತಿತ್ತು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಎದ್ದು ಹಿತ್ತಿಲಿಗೆ ಹೋದೆ, ಮತ್ತೆ ಒಳಗೆ ಬಂದೆ, ಮತ್ತೆ ಹೋದೆ.

ಅಮ್ಮ ಬಂದು ಹೂವು ಕಟ್ಟಲು ಕೂತಳು. ಸ್ವಲ್ಪ ಹೊತ್ತಿಗೆ ಅಪ್ಪ ಅವಳನ್ನು ಕರೆದ. ನಾನು ಬಾಗಿಲಲ್ಲೇ ನಿಂತಿದ್ದೆ, ಅವನು ನನ್ನನ್ನು ನೋಡಿದ, ನೋಡಿಯೂ ಅಮ್ಮನಿಗೇ ಹೇಳಿದ. ಹಿಂದೆ ಮಾವಂದಿರು ಸೊಸೆಗೆ ಏನಾದರೂ ಹೇಳಬೇಕಾದರೆ ನಡುವೆ ಇನ್ನೊಬ್ಬರನ್ನು ಇಟ್ಟುಕೊಂಡು ಹೇಳುತ್ತಿದ್ದರಲ್ಲ, ಹಾಗೆ.

"ಪಾಪಕಿ ಚೆಪ್ಪು... ಕಾಲೇಜಿಕಿ ಪೊಮ್ಮನಿ. ಕನ್ನಡಂ ವಚ್ಚಿನಂಕ... ನೇನೇ ಫೋನ್ ಚೇಸ್ತಾನನಿ."

ಮಗಳನ್ನು ಕಾಲೇಜಿಗೆ ಹೋಗು ಅನ್ನು, ಕನ್ನಡ ಬಂದ ಮೇಲೆ ನಾನೇ ಫೋನ್ ಮಾಡುತ್ತೇನೆ ಅಂತ ಹೇಳು. ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಬೆವರು ಬಂದಿತ್ತು. ಇಷ್ಟು ದಿನ ನನ್ನ ಮೇಲೆ ಮುನಿಸೇನೋ, ನನ್ನ ಗುರುತೇ ತಪ್ಪಿದೆಯೇನೋ ಎಂದೆಲ್ಲ ಕೊರಗುತ್ತಿದ್ದೆ. ಅವನು ನನ್ನೆದುರು ನಾಚಿಕೊಂಡು ಕೂತಿದ್ದ. ಮುರುಕು ಕನ್ನಡವನ್ನು ನನಗೆ ಕೊಡಲು ಅವನಿಗೆ ಮನಸ್ಸಿರಲಿಲ್ಲ, ಬೇರೆ ಭಾಷೆಯನ್ನು ಕೊಡಲೂ ಇರಲಿಲ್ಲ.

ಕನ್ನಡ ಬಾರದೆಯೇ ಹೋಗಬಹುದು ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಪ್ಪನನ್ನೇ ನೋಡುತ್ತ, ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ: "ಅಪ್ಪಂಗೆ ಹೇಳಮ್ಮಾ, ನಾನು ಎಲ್ಲಿಗೂ ಹೋಗಲ್ಲ ಅಂತ. ಬರೋವರ್ಗೂ ಇಲ್ಲೇ ಕೂತಿರ್ತೀನಿ ಅಂತ."

"ನೇನೇಮನ್ನಾ ಪೋಸ್ಟ್‌ಮ್ಯಾನಾ ಮೀ ಇದ್ದರಿಕೀ?" ಎಂದು ಅಮ್ಮ ಸಿಡುಕಿದಳು. ನಿಮ್ಮಿಬ್ಬರ ನಡುವೆ ನಾನೇನು ಪೋಸ್ಟ್‌ಮ್ಯಾನಾ ಎಂದು. ಸಿಡುಕಿದವಳೇ ಕಣ್ಣೊರೆಸಿಕೊಂಡು, ಅಪ್ಪ ತನ್ನ ಕಿವಿಯಿಂದಲೇ ಕೇಳಿಸಿಕೊಂಡಿದ್ದನ್ನು ಇನ್ನೊಮ್ಮೆ ಅವನಿಗೆ ತೆಲುಗಿನಲ್ಲಿ ಪೂರ್ತಿಯಾಗಿ ಹೇಳಿದಳು. ಅಪ್ಪ ಕೊನೆಯವರೆಗೂ ಕೇಳಿದ. ಆಮೇಲೆ ಅಮ್ಮನಿಗೇ, ಅವಳು ತಿಂಡಿ ತಿಂದಳಾ ಕೇಳು, ಅಂದ.