ಭಾವನ ಒರಿಜಿನಲ್ ಕಾರು

ನಂಜನಗೂಡಿನ ನನ್ನ ಭಾವನಿಗೆ ಅವರ ಅಪ್ಪನ ಕಾಲದ ಕಾರಿನಲ್ಲಿ ಎಲ್ಲವೂ ಒರಿಜಿನಲ್ ಆಗಿಯೇ ಇರಬೇಕು. ಮುಂದಿನ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರತೊಡಗಿದಾಗ ಹೊಸದು ಹಾಕಿಸಿ ಎಂದೆ. ಹೆತ್ತ ತಾಯಿಯನ್ನೇ ಮಾರಿಬಿಡಿ ಎಂದೆನೇನೋ ಎಂಬಂತೆ ಮುಖ ಸಿಂಡರಿಸಿದರು. ಹಾಳಾಗಿ ಹೋಗಲಿ ಎಂದು ನಾನೇ ಹಳೆಯವನ್ನು ಬಿಚ್ಚಿ, ತೊಳೆದು, ಹೊಸ ಸೀಲು, ಹೊಸ ಎಣ್ಣೆ ಹಾಕಿ ಕೂರಿಸಿಕೊಟ್ಟೆ. ಕಾರಿನಲ್ಲಿ ಕೂತರೆ ತೊಟ್ಟಿಲಿನಲ್ಲಿ ಮಲಗಿದಂತಿತ್ತು.

ಮಹಾಶಯರಿಗೆ ಅದು ಸಾಲಲಿಲ್ಲ. ಬೀದಿಯ ಬೇರೆ ಕಾರುಗಳ ಪಕ್ಕದಲ್ಲಿ ತಮ್ಮದು ಕುಳ್ಳಗೆ ಕಾಣುತ್ತಿತ್ತಂತೆ! ನನಗೆ ಹೇಳದೆ ಸ್ಪ್ರಿಂಗಿನ ಸುತ್ತುಗಳ ನಡುವೆ ದಪ್ಪ ರಬ್ಬರು ತುರುಕಿಸಿ, ಕಾರನ್ನು ಎತ್ತರ ಮಾಡಿಸಿಕೊಂಡು ಬಂದರು. ಇನ್ನು ಸ್ಪ್ರಿಂಗು ಕುಗ್ಗುವುದೆಲ್ಲಿ, ಶಾಕ್ ಅಬ್ಸಾರ್ಬರು ಅಲುಗುವುದೆಲ್ಲಿ?

ಅದರಲ್ಲೇ ಮುಡುಕುತೊರೆಗೆ ಹೊರಟೆವು. ತಿ. ನರಸೀಪುರ ದಾಟುವಷ್ಟರಲ್ಲಿ ಛಾವಣಿಗೆ ಬಡಿದು ಬಡಿದು ನನ್ನ ತಲೆ ಬುಗುಟೆದ್ದಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ ಸೊಂಟ ಹಿಡಿದುಕೊಂಡು ನರಳುತ್ತಿದ್ದಳು.

“ಭಾವ, ಆ ರಬ್ಬರು ಮೊದ್ಲು ಕಿತ್ತಾಕ್ಸಿ,” ಎಂದೆ.

“ರಬ್ಬರಿಂದಲ್ಲ ಕಣಪ್ಪ. ಒರಿಜಿನಲ್ ಅಂದ್ರೆ ಅಂಗೇ ಇರೋದು. ನಿಂಗೆಲ್ಲಿ ಗೊತ್ತಾಯ್ತದೆ?” ಎಂದು ಮೀಸೆ ತಿರುವಿದರು.

ಆ ಕಾರಿನಲ್ಲಿ ಏಟು ತಡೆದುಕೊಳ್ಳುತ್ತಿದ್ದ ಒರಿಜಿನಲ್ ಭಾಗವೆಂದರೆ ಅಕ್ಕನ ಸೊಂಟ ಒಂದೇ.