ಸನ್ನೆಗೆ ಮೊದಲೇ ಮೊಳಗಿದ ಗಟ್ಟಿಮೇಳ

ಗೌರಿ ಹಬ್ಬದ ಹಿಂದಿನ ದಿನ ಹೆಂಡತಿ ಬಣ್ಣದ ಕಾಗದ ಅಂಟಿಸಲು ಮೈದಾ ಅಂಟು ಕಾಯಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಡೋಲಿನ ಗೆಳೆಯ ಕಣ್ಣೆದುರು ಬಂದ. ಡೋಲು ಬಾರಿಸುವ ಬೆರಳುಗಳಿಗೆ ಇದೇ ಅಂಟು ಬಳಿದ ಬಟ್ಟೆ ಸುತ್ತಿ, ಬಿಸಿಲಿಗೆ ಕೈ ಚಾಚಿ ಕೂರುತ್ತಿದ್ದ. ಅದು ಒಣಗಿ ಬೆರಳಿಗೆ ಕಲ್ಲಿನಂಥ ಕವಚವಾಗುವ ತನಕ ಅವನಿಗೆ ಬೀಡಿ ಹಚ್ಚಿಕೊಡಲೂ ನಾನೇ ಬೇಕು...

ಮಿರ್ಲೆಯ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ನಾನು ಹೊಲ ಹಿಡಿದೆ, ಅವನು ಅಪ್ಪನ ಡೋಲು ಹಿಡಿದ. ಭೇರ್ಯದಿಂದ ಎಚ್.ಡಿ. ಕೋಟೆಯ ತನಕ ಅವನು ಬಾರಿಸದ ಮದುವೆ ಮನೆಯೇ ಇಲ್ಲವೇನೋ. ಶಾಸ್ತ್ರ ಉದ್ದವಾದರೆ ಡೋಲಿಗೆ ಗದ್ದ ಊರಿ ಗೊರಕೆ ಹೊಡೆಯುತ್ತಿದ್ದ ಮಹಾರಾಯ, ಪುರೋಹಿತರು ಕೈಯೆತ್ತಿದ ಕೂಡಲೇ ಗಟ್ಟಿಮೇಳ ಬಾರಿಸುತ್ತಿದ್ದ. ತಾಳಿ ಕಟ್ಟುವಾಗ ಸೀನೋ, ಕೆಟ್ಟ ಮಾತೋ ಯಾರ ಕಿವಿಗೂ ಬೀಳಬಾರದೆಂದು ತಾನೇ ಗಟ್ಟಿಮೇಳ ಇರುವುದು? ನನ್ನ ಮದುವೆಯಲ್ಲಿ ಆ ಕೆಲಸವನ್ನು ಅವನು ಸ್ವಲ್ಪ ಹೆಚ್ಚೇ ಮಾಡಿದ.

ನನ್ನವಳಿಗೆ ತಂದೆಯಿರಲಿಲ್ಲ, ಸಾಕಿದವರು ಸೋದರಮಾವ. ಅವರಿಗೆ ಸಲ್ಲಬೇಕಾದ ಮೊದಲ ವೀಳ್ಯವನ್ನು ನಮ್ಮವರು ಗಡಿಬಿಡಿಯಲ್ಲಿ ಬೇರೆಯವರ ಕೈಗೆ ಕೊಟ್ಟುಬಿಟ್ಟರು. ಅಷ್ಟು ಸಾಕಾಯಿತು. ನಾನು ತಾಳಿ ಹಿಡಿದು ನಿಂತಿದ್ದೇನೆ, ಮಾವ ಎದ್ದರು.

"ನಿಲ್ಸ್ರೀ! ಈ ಮದ್ವೆ..."

ಮುಂದಿನದು ಯಾರಿಗೂ ಕೇಳಲಿಲ್ಲ. ಪುರೋಹಿತರ ಸನ್ನೆಯಿಲ್ಲದೆಯೇ ಡೋಲು ಮೊಳಗಿತ್ತು. ನಾಗಸ್ವರದವನು ಗಾಬರಿಯಲ್ಲಿ ಊದಿದ. ಗಟ್ಟಿಮೇಳ ಕೇಳಿದ ಜನ ಎಂದಿನಂತೆ ಅಕ್ಷತೆ ಎರಚಿಯೇಬಿಟ್ಟರು. ಗೆಳೆಯ ನನ್ನತ್ತ ಕಣ್ಣರಳಿಸಿ ಗದ್ದ ಆಡಿಸಿದ, ಕಟ್ಟು ಎಂದು. ಕಟ್ಟಿದೆ. ಮಾವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅವರು ಕೂರುವ ತನಕ ಅವನು ನಿಲ್ಲಿಸಲಿಲ್ಲ.

"ಯಾರೋ ನಿನಗೆ ಸನ್ನೆ ಮಾಡಿದ್ದು?" ಎಂದು ಪುರೋಹಿತರು ಗದರಿದರು.

"ಕಣ್ಣು ಹತ್ಬುಟ್ಟಿತ್ತು ಸ್ವಾಮಿ, ನೀವು ಕೈ ಎತ್ದಂಗೆ ಕನ್ಸು ಬಿತ್ತು" ಎಂದ.

ಮದುವೆ ಮನೆಯೆಲ್ಲ ನಕ್ಕಿತು. ಮಾವ ಮಾತ್ರ ಉಣ್ಣದೆ ಹೊರಟುಹೋದರು. ಅಳುತ್ತಿದ್ದ ನನ್ನವಳ ಮುಂದೆ ಅವನು ಬಂದು ನಿಂತ. "ಅಳ್ಬ್ಯಾಡ ಕಣವ್ವ. ಮದ್ವೆ ಮಾಡ್ಸಿದೋನು ನಾನು, ಇನ್ಮ್ಯಾಕೆ ನಿನ್ ತವ್ರೂ ನಾನೇ."

ಸಮಾಧಾನಕ್ಕೆ ಆಡಿದ ಮಾತು ಅಂದುಕೊಂಡಿದ್ದೆ... ಆ ವರ್ಷದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹಿಡಿದು ಬಂದೇಬಿಟ್ಟ! ಮೊರವನ್ನು ಜಗಲಿಯ ಮೇಲಿಟ್ಟು, ಬೀದಿಗೆಲ್ಲ ಕೇಳುವಂತೆ ಒಂದು ಸುತ್ತು ಡೋಲು ಬಾರಿಸಿ, "ತಂಗ್ಯವ್ವಾ, ತವ್ರು ಬಂದದೆ, ಬಾಗ್ಲು ತಗಿ" ಎಂದು ಕೂಗಿದ. ಕೆಲವು ವರ್ಷದಲ್ಲಿ ಮಾವನ ಮುನಿಸೂ ಇಳಿಯಿತು, ಅವರ ಮನೆಯಿಂದಲೂ ಬಾಗಿನ ಬಂತು. ಇವನು ಮಾತ್ರ ಬರುವುದನ್ನು ಬಿಡಲಿಲ್ಲ. ತಲೆ ಬೆಳ್ಳಗಾದ ಮೇಲೂ ಅದೇ ಡೋಲು, ಅದೇ ಕೂಗು. ಮಾವ ತೀರಿಕೊಂಡ ಮೇಲಂತೂ ಅವಳಿಗೆ ತವರೆಂದು ಉಳಿದವನು ಅವನೊಬ್ಬನೇ.

ಹೋದ ಮಾಘದಲ್ಲಿ ಅವನೂ ಹೋದ.

ಈ ಸಲ ಹಬ್ಬದ ದಿನ ಹೆಂಡತಿ ಒಲೆಗೂ ಬಾಗಿಲಿಗೂ ಓಡಾಡುತ್ತಲೇ ಇದ್ದಳು. ನೋಡಲಾಗದೆ ನಾನೇ ಕೆ.ಆರ್. ನಗರಕ್ಕೆ ಹೋಗಿ ಬಾಗಿನದ ಮೊರ ತಂದು ಅವಳ ಕೈಗಿಟ್ಟೆ. ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೊರ ಪ್ಯಾಟೇಲಿ ಸಿಕ್ತದೆ ಕಣ್ರೀ," ಎಂದಳು. "ತವ್ರು ಸಿಕ್ತದಾ?"